ಇನ್ನೂರ ಹದಿನಾಲ್ಕು ಸೆಕೆಂಡು

"ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವರ ಕೈಗೆ ಲ್ಯಾಬಿನ ಗಾಜು ಕೊಟ್ರೆ ಡೇಟಾ ಹೀಗೇ ಬರೋದು, ಸರ್."

ಸೋಮವಾರ ಬೆಳಗಿನ ಮೀಟಿಂಗಿನಲ್ಲಿ, ಹನ್ನೊಂದು ಜನರ ಎದುರು, ಅವಳು ಈ ಮಾತು ಅಂದಳು. ಹನ್ನೊಂದೇ ಜನ ಎಂಬುದು ಅವನಿಗೆ ಖಾತ್ರಿ. ಮಾತು ಕಿವಿಗೆ ಬಿದ್ದ ಮೇಲೆ ಎಲ್ಲಿ ನೋಡಬೇಕೆಂದು ತಿಳಿಯದೆ ಮೇಜಿನ ಮೇಲಿದ್ದ ಟೀ ಕಪ್ಪುಗಳನ್ನು ಎಣಿಸಿದ್ದ. ಅವನದು, ಅವಳದು ಬಿಟ್ಟು ಹನ್ನೊಂದು.

ಗೋಡೆಯ ಮೇಲೆ ಅವಳ ಗ್ರಾಫು ಬೆಳಗುತ್ತಿತ್ತು. ಒಂದೂವರೆ ವರ್ಷ ನೆಟ್ಟಗೆ ನಡೆದು ಬಂದ ಗೆರೆ ಕೊನೆಯ ಎರಡು ತಿಂಗಳಲ್ಲಿ ಕಾಲು ಜಾರಿದಂತೆ ಇಳಿದಿತ್ತು. ಲ್ಯಾಬಿನ ಯಜಮಾನರು, ಎಲ್ಲರೂ ಸರ್ ಅನ್ನುವವರು, ಪೆನ್ನಿನ ತುದಿಯಿಂದ ಆ ಇಳಿಜಾರನ್ನು ತೋರಿಸಿ, ಇದಕ್ಕೇನು ಹೇಳ್ತೀಯಮ್ಮ ಎಂದು ಮೂರನೇ ಸಲ ಕೇಳಿದ್ದರು. ಥೀಸಿಸ್ ಒಪ್ಪಿಸಲು ಉಳಿದಿದ್ದದ್ದು ನಾಲ್ಕೇ ತಿಂಗಳು. ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಅವಳಿಗೆ ಏನಾದರೂ ಹೇಳಲೇಬೇಕಿತ್ತು.

ಅವಳದು ಬ್ಯಾಕ್ಟೀರಿಯಾ ಸಾಕುವ ಕೆಲಸ. ಸಕ್ಕರೆ ನೀರು, ಗಾಳಿ, ಬೆಚ್ಚಗಿರಲು ಒಂದು ಬಾಟಲಿ ಕೊಟ್ಟರೆ ಅವು ತಿಂದು ತೇಗಿ ಒಂದು ಬಗೆಯ ಲೋಳೆಯನ್ನು ನೂಲುತ್ತವೆ. ಸವೆದ ಮಂಡಿಗಳಿಗೆ ಮುಂದೊಂದು ದಿನ ಆ ಲೋಳೆ ಇಂಜೆಕ್ಷನ್ನಾಗಿ ಹೋಗಬೇಕು, ಕೀಲಿನೊಳಗೆ ಎಣ್ಣೆಯಂತೆ ನಿಲ್ಲಬೇಕು. ಅದು ಎಷ್ಟು ಗಟ್ಟಿ ಇದೆ ಎಂದು ನೋಡಲು ಸಣ್ಣ ಕೊರಳಿನ ಗಾಜಿನ ಯು ಟ್ಯೂಬಿನಲ್ಲಿ ಹರಿಯಬಿಡುತ್ತಾರೆ. ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ತಡ ಮಾಡಿದಷ್ಟೂ ಲೋಳೆ ಒಳ್ಳೆಯದು. ಟ್ಯೂಬು ತೊಳೆದು ಒಣಗಿಸುವುದು, ಗೆರೆ ನೋಡಿ ಸ್ಟಾಪ್‌ವಾಚ್ ಒತ್ತುವುದು ಅವನ ಕೆಲಸ. ಲ್ಯಾಬಿನಲ್ಲಿ ಅವನನ್ನು ಕರೆಯುತ್ತಿದ್ದದ್ದೇ ಸ್ಟಾಪ್‌ವಾಚ್ ಎಂದು.

ಟ್ಯೂಬಿನಲ್ಲಿ ಒಂದು ಹನಿ ನೀರು ಉಳಿದರೂ ಲೋಳೆ ತೆಳ್ಳಗಾಗಿ ಬೇಗ ಇಳಿದುಬಿಡುತ್ತದೆ. ಹಾಗಾಗಿ ಅವಳು ಬೊಟ್ಟು ಮಾಡಿದ್ದು ಅವನ ಕಡೆಗೆ.

ಅವನು ಹೇಳಬಹುದಿತ್ತು. ಪ್ರತಿ ಟ್ಯೂಬನ್ನೂ ಅಸಿಟೋನಿನಲ್ಲಿ ತೊಳೆದು, ಗಾಳಿ ಊದಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡದೆ ಸ್ಟ್ಯಾಂಡಿಗೆ ಹಾಕಿದವನೇ ಅಲ್ಲ ಎಂದು. ಹೇಳಲಿಲ್ಲ. ಎದ್ದು, ಕೊರಳಿನಿಂದ ಸ್ಟಾಪ್‌ವಾಚನ್ನು ತೆಗೆದು ಅವಳ ನೋಟ್‌ಬುಕ್ಕಿನ ಪಕ್ಕ ಇಟ್ಟು ಹೊರಗೆ ನಡೆದ. ಬೆನ್ನ ಹಿಂದೆ ಬಾಗಿಲು ತನ್ನಷ್ಟಕ್ಕೆ ತಾನೇ ನಿಧಾನವಾಗಿ ಮುಚ್ಚಿಕೊಂಡಿತು.

ಒಂದು ಒದ್ದೆ ಟ್ಯೂಬಿನ ಮಾತಿಗೆ ಇಷ್ಟು ರೋಷವೇ ಎಂದು ಹನ್ನೊಂದು ಜನ ಅಂದುಕೊಂಡಿರಬೇಕು. ಎಂಟನೇ ಕ್ಲಾಸಿನ ವಿಷಯ ಆ ಕಟ್ಟಡದಲ್ಲಿ ಒಬ್ಬಳಿಗೇ ಗೊತ್ತಿತ್ತು ಎಂಬುದು, ಅದನ್ನು ಅವನೇ ಅವಳಿಗೆ ನಂಬಿ ಹೇಳಿದ್ದ ಎಂಬುದು ಅವರಿಗೇನು ಗೊತ್ತು?

*

ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ. ಲೋಳೆ ಸುರಿದು ಬಟನ್ ಒತ್ತಿದರೆ ಅದೇ ಕುಡಿದು, ಅದೇ ಅಳೆದು, ಪೀಂ ಎನ್ನುತ್ತದೆ. ಆಗ ಹಾಗಿರಲಿಲ್ಲ. ಆಗ ಇಬ್ಬರು ಬೇಕಿತ್ತು, ಒಬ್ಬರು ನೋಡಲು, ಒಬ್ಬರು ಬರೆಯಲು.

ಮೂರನೇ ಮಹಡಿಯ ಮೂಲೆಯ ಆ ಕೋಣೆಗೆ ಮಧ್ಯಾಹ್ನ ಎರಡರ ಮೇಲೆ ಬಿಸಿಲು ಬರುತ್ತಿತ್ತು. ಕಿಟಕಿಯ ಬಳಿ ದಪ್ಪ ಗಾಜಿನ ದೊಡ್ಡ ಜಾರು, ಅದರೊಳಗೆ ನೀರು, ನೀರಿನೊಳಗೆ ನೇತುಹಾಕಿದ ಯು ಟ್ಯೂಬು. ನೀರು ಮೈಯ ಬಿಸಿಗೆ, ಮೂವತ್ತೇಳು ಡಿಗ್ರಿಗೆ ಬರಬೇಕು. ಅದಕ್ಕೆ ನಲವತ್ತು ನಿಮಿಷ ಹಿಡಿಯುತ್ತಿತ್ತು. ಹೀಟರು ಹಳೆಯದು, ಅವಸರ ಮಾಡಿದರೆ ಮುನಿಸಿಕೊಳ್ಳುವ ಜಾತಿಯದು.

ಆ ನಲವತ್ತು ನಿಮಿಷ ಮಾತಿಗೆ.

ಒಮ್ಮೆ ಲೋಳೆ ಬಿಟ್ಟ ಮೇಲೆ ಮಾತಿಲ್ಲ. ಅದು ಅವನೇ ಮಾಡಿದ ಕಾನೂನು. ಕೆಳಗಿನ ಗೆರೆ ದಾಟುವವರೆಗೆ ಯಾರೂ ಉಸಿರೆತ್ತಬಾರದು. ಅರೆಗಳಿಗೆ ಕಣ್ಣು ತಪ್ಪಿದರೆ ಮೊದಲಿನಿಂದ ಶುರು. ಅವಳ ಒಳ್ಳೆಯ ಲೋಳೆ ಇಳಿಯಲು ಇನ್ನೂರ ಹದಿನಾಲ್ಕು ಸೆಕೆಂಡು ಬೇಕಿತ್ತು. ಅಷ್ಟೂ ಹೊತ್ತು ಅವನು ಗೆರೆ ನೋಡುತ್ತಿದ್ದ, ಅವಳು ಅವನನ್ನು ನೋಡುತ್ತಿದ್ದಳು.

ಅವನ ಕಣ್ಣು ಟ್ಯೂಬಿನಿಂದ ಕದಲಲಾರದು ಎಂಬ ಧೈರ್ಯ ಅವಳಿಗೆ. ಪೆನ್ಸಿಲನ್ನು ಕೆನ್ನೆಗೆ ಒತ್ತಿಕೊಂಡು, ತಲೆಯನ್ನು ಒಂದಿಷ್ಟು ವಾಲಿಸಿ, ಅವನ ಕಿವಿಯಿಂದ ಹಿಡಿದು ಮೊಣಕೈಯ ಸುಟ್ಟ ಕಲೆಯವರೆಗೆ ನಿಧಾನವಾಗಿ, ಓದಿದ್ದನ್ನೇ ಮತ್ತೆ ಓದುವವಳಂತೆ ನೋಡುತ್ತಿದ್ದಳು. ಅವಳಿಗೆ ಗೊತ್ತಿರದ ವಿಷಯ ಒಂದಿತ್ತು. ಜಾರಿನ ದುಂಡು ಗಾಜಿನಲ್ಲಿ, ಟ್ಯೂಬಿನ ಪಕ್ಕದಲ್ಲೇ, ಅವಳ ಇಡೀ ಮುಖ ಬೆರಳುಗುರಿನಷ್ಟು ಚಿಕ್ಕದಾಗಿ ಮೂಡುತ್ತಿತ್ತು.

ಒಂದು ದಿನ ಅವನು ತಡೆಯಲಾರದೆ ಹೇಳಿಬಿಟ್ಟ.

"ಮೇಡಂ, ಜಾರಲ್ಲಿ ನೀವು ಕಾಣಿಸ್ತೀರಿ."

ಪೆನ್ಸಿಲ್ ಕೆನ್ನೆಯಲ್ಲೇ ನಿಂತಿತು. "ಯಾವಾಗಿಂದ?"

"ಹೋದ ವರ್ಷದಿಂದ."

"ಹೋದ ವರ್ಷದಿಂದ ನೋಡ್ಕೊಂಡು ಸುಮ್ನಿದ್ರಾ?"

"ಗೆರೆ ಇಳಿಯೋವಾಗ ಮಾತಾಡಬಾರದಲ್ಲ."

ಅವಳು ನೋಟ್‌ಬುಕ್ಕಿನಲ್ಲಿ ಮುಖ ಮುಚ್ಚಿಕೊಂಡು ಭುಜ ಕುಣಿಯುವಂತೆ ನಕ್ಕಳು. ಆ ದಿನದ ಪುಟದಲ್ಲಿ ಒಂದೇ ಒಂದು ಅಂಕಿಯೂ ಇಲ್ಲ. ಮರುದಿನದಿಂದ ಅವಳು ಜಾರಿನೊಳಗಿನ ಅವನ ಕಣ್ಣನ್ನೇ ನೇರವಾಗಿ ನೋಡತೊಡಗಿದಳು. ಕಳ್ಳತನ ತಪ್ಪಿತು, ಸುಖ ತಪ್ಪಲಿಲ್ಲ.

ಪಾಠವನ್ನೂ ಅಲ್ಲೇ ಹೇಳಿಕೊಟ್ಟಳು. ಲೋಳೆ ಯಾಕೆ ಹರಿಯಲು ಹಟ ಮಾಡುತ್ತದೆ ಎಂದು ಅವನು ಕೇಳಿದಾಗ, ಅದರೊಳಗೆ ಇರುವುದೆಲ್ಲ ಉದ್ದುದ್ದ ದಾರಗಳು, ಒಂದರ ಕಾಲಿಗೆ ಒಂದು ಸಿಕ್ಕಿಕೊಂಡು ಬಿಡಲೊಲ್ಲವು ಎಂದಳು. ದಾರ ಉದ್ದವಾದಷ್ಟೂ ಇಳಿಯುವುದು ನಿಧಾನ. ಸರಿಯಾಗಿ ಉಣಿಸಿದರೆ ಬ್ಯಾಕ್ಟೀರಿಯಾ ಉದ್ದ ದಾರ ನೂಲುತ್ತದೆ, ಗಾಳಿ ಕಡಿಮೆ ಮಾಡಿದರೆ ಸಿಟ್ಟಿಗೆದ್ದು ಹುಳಿ ಬಿಟ್ಟು ಗಿಡ್ಡ ದಾರ ನೂಲುತ್ತದೆ. ನಿಮ್ಮ ಥರಾನೇ, ಅಂದಳು. ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂಬುದು ಲ್ಯಾಬಿಗೆಲ್ಲ ಗೊತ್ತಿದ್ದ ಸಂಗತಿ.

ಅಂಥ ಒಂದು ಮಧ್ಯಾಹ್ನವೇ ಅವನು ಸ್ಕೂಲಿನ ಕತೆ ಹೇಳಿದ್ದು. ಹೀಟರು ಹಾಕಿ ಹತ್ತು ನಿಮಿಷ ಆಗಿತ್ತು. ಎಂಟನೇ ಕ್ಲಾಸಿನ ಲೆಕ್ಕದ ಪರೀಕ್ಷೆಯಲ್ಲಿ ಅವನಿಗೆ ನೂರಕ್ಕೆ ನೂರು ಬಂದಿತ್ತು. ಹಿಂದಿನ ಬೆಂಚಿನ ಹುಡುಗನಿಗೆ ಅಷ್ಟು ಬರುವುದುಂಟೆ? ಮೇಷ್ಟ್ರು ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ, ಯಾರದು ನೋಡಿ ಬರೆದೆ ಹೇಳು ಎಂದರು. ಅವನು ಹೇಳಲಿಲ್ಲ. ಬ್ಯಾಗನ್ನು ಕೂಡ ತೆಗೆದುಕೊಳ್ಳದೆ ಕ್ಲಾಸಿನಿಂದ ಹೊರಗೆ ನಡೆದವನು ಮತ್ತೆ ಆ ಗೇಟಿನೊಳಗೆ ಕಾಲಿಡಲಿಲ್ಲ. ಅಕ್ಕ ಅತ್ತಳು, ಬೈದಳು, ಎರಡು ದಿನ ಮಾತು ಬಿಟ್ಟಳು. ಊಹೂಂ.

"ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ವಾ," ಅಂದಿದ್ದಳು ಅವಳು. "ನಾನೇ ಮಾಡಿದ್ದು ಅಂತ."

"ಕೇಳೋವ್ರಿಗೆ ಉತ್ತರ ಬೇಕಿದ್ರೆ ಹೇಳ್ಬೋದು. ಅವ್ರಿಗೆ ಬೇಕಾಗಿದ್ದು ಉತ್ತರ ಅಲ್ಲ."

ಅವಳು ಅವನ ಮೊಣಕೈಯ ಕಲೆಯ ಮೇಲೆ ಎರಡು ಬೆರಳಿಟ್ಟಳು. ನೀರು ಮೂವತ್ತೇಳಕ್ಕೆ ಬಂದು, ದಾಟಿ, ಮೂವತ್ತೊಂಬತ್ತಾದರೂ ಇಬ್ಬರಿಗೂ ತಿಳಿಯಲಿಲ್ಲ.

*

ಮೀಟಿಂಗಿನ ಮರುದಿನವೇ ಅವನು ನೆಲಮಾಳಿಗೆಯ ತೊಳೆಯುವ ಕೋಣೆಗೆ ವರ್ಗ ಕೇಳಿ ಪಡೆದ. ಇಡೀ ಕಟ್ಟಡದ ಗಾಜು ಅಲ್ಲಿಗೆ ಇಳಿಯುತ್ತದೆ. ಮೂರು ಸಿಂಕು, ಒಂದು ಒಲೆಯಂಥ ಒಣಗಿಸುವ ಪೆಟ್ಟಿಗೆ, ಸೂರಿನ ಹತ್ತಿರ ಒಂದು ಉದ್ದನೆಯ ಕಿಟಕಿ. ಆ ಕಿಟಕಿಯಲ್ಲಿ ಆಕಾಶ ಕಾಣುವುದಿಲ್ಲ, ಹಾದಿಯಲ್ಲಿ ಓಡಾಡುವವರ ಪಾದ ಕಾಣುತ್ತದೆ.

ಸಂಜೆ ಐದೂವರೆಗೆ ಅವಳ ಚಪ್ಪಲಿ ಬರುತ್ತಿತ್ತು. ಕಂದು ಬಣ್ಣದ್ದು, ಎಡಗಾಲಿನ ಬಕಲಿಗೆ ತಾಮ್ರದ ತಂತಿ ಸುತ್ತಿದ್ದು. ಆ ತಂತಿ ಅವನೇ ಸುತ್ತಿದ್ದು. ಒಂದು ದಿನ ಮೆಟ್ಟಿಲಲ್ಲಿ ಬಕಲು ಕಿತ್ತು ಅವಳು ಒಂಟಿಕಾಲಲ್ಲಿ ನಿಂತಿದ್ದಾಗ, ಮಂಡಿಯೂರಿ ಕೂತು, ಇಕ್ಕಳದಿಂದ ಮೂರು ಸುತ್ತು. ಹೊಸ ಚಪ್ಪಲಿ ತಗೊಳ್ಳುವವರೆಗೆ ಸಾಕು ಅಂದಿದ್ದ. ಅವಳು ಹೊಸದನ್ನು ತಗೊಂಡೇ ಇರಲಿಲ್ಲ.

ಚಪ್ಪಲಿ ಕಿಟಕಿಯ ನಡುವಿಗೆ ಬಂದು ನಿಲ್ಲುತ್ತಿತ್ತು. ಅವನು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತಿದ್ದ. ಸ್ವಲ್ಪ ಹೊತ್ತು ನಿಂತು ಅದು ಹೊರಟುಹೋಗುತ್ತಿತ್ತು.

ಮನೆಯಲ್ಲಿ ಅಕ್ಕ ಹೊಲಿಗೆ ಯಂತ್ರದ ಹಿಂದೆ ಕೂತು ಎಲ್ಲವನ್ನೂ ಅರ್ಥಮಾಡಿಕೊಂಡಿದ್ದಳು. ಶಾಲೆಗಳ ಯೂನಿಫಾರಂ ಹೊಲಿಯುವುದು ಅವಳ ಕಸುಬು. ಅವನನ್ನು ಸಾಕಿದ್ದೂ ಆ ಯಂತ್ರವೇ. ಒಂದು ವಾರ ಕಾದು ನೋಡಿ, ನಿಮ್ಮ ಲೋಳೆ ಮೇಡಂ ಹೆಂಗಿದ್ದಾರೆ ಎಂದು ಕೇಳಿದಳು. ಅವನು ಗೋಡೆ ನೋಡಿದ.

"ಸ್ಕೂಲು ಬಿಟ್ಟೆ, ಲ್ಯಾಬು ಬಿಟ್ಟೆ," ಅಂದಳು ಅಕ್ಕ, ದಾರ ಕಚ್ಚಿ ತುಂಡು ಮಾಡುತ್ತ. "ಇನ್ನು ಬಿಡೋಕೆ ನಾನೊಬ್ಬಳು ಬಾಕಿ. ಯಾವತ್ತು ಹೊರಡ್ತೀಯ ಹೇಳು, ಅಡುಗೆ ಕಮ್ಮಿ ಮಾಡ್ತೀನಿ."

ಅವನು ಮುನಿಸಿಕೊಂಡೇ ಅವಳ ಪಕ್ಕ ಕೂತು ಅಂಗಿಗಳಿಗೆ ಗುಂಡಿ ಹಾಕತೊಡಗಿದ. ಎದ್ದು ಮತ್ತೆ ಪೋಣಿಸುವ ಕಷ್ಟ ಬೇಡವೆಂದು ಮಾರುದ್ದ ದಾರ ತಗೊಂಡು, ಸಿಟ್ಟನ್ನೆಲ್ಲ ಸೂಜಿಗೆ ಹಾಕಿ ಸರಸರ ಎಳೆದ. ಐದನೇ ಗುಂಡಿಗೆ ದಾರ ಪಟ್ಟೆಂದಿತು. ಮತ್ತೆ ಪೋಣಿಸಿದ, ಮತ್ತೆ ಪಟ್ಟೆಂದಿತು. ಅಕ್ಕ ತುಂಡನ್ನು ಕಸಿದುಕೊಂಡು ಅವನ ಕಣ್ಣೆದುರು ಹಿಡಿದಳು. ನಡುವೆ ಎಳೆ ಎಳೆಯಾಗಿ ಸಿಗಿದು ಹೋಗಿತ್ತು.

"ದಾರದ ತಪ್ಪಲ್ಲ ಇದು. ಅಷ್ಟು ಸಣ್ಣ ಕಣ್ಣಲ್ಲಿ ಅಷ್ಟು ಉದ್ದದ್ದನ್ನ ಅಷ್ಟು ಜೋರಾಗಿ ಎಳೆದ್ರೆ ಯಾವ ದಾರ ಉಳಿಯುತ್ತೆ? ನಿಧಾನ ಎಳಿ, ಇಲ್ಲಾ ದಪ್ಪ ಸೂಜಿ ತಗೋ."

ಅವನ ಕೈ ಗುಂಡಿಯ ಮೇಲೆ ಹಾಗೇ ನಿಂತಿತು.

ಆ ವಾರದ ತೊಳೆಯುವ ತಟ್ಟೆಯಲ್ಲಿ, ಮೂರನೇ ಮಹಡಿಯ ಚೀಟಿ ಅಂಟಿಸಿದ ಗಾಜಿನ ಸಿರಿಂಜೊಂದು ಬಂದಿತ್ತು. ಅದಕ್ಕೆ ಸಿಕ್ಕಿಸಿದ ಉಕ್ಕಿನ ಸೂಜಿ ಎಷ್ಟು ಸಣ್ಣದೆಂದರೆ ಅದರೊಳಗಿನ ಲೋಳೆಯನ್ನು ನೀರಿನಿಂದ ತಳ್ಳಲು ಅವನ ಹೆಬ್ಬೆರಳು ನೊಂದಿತ್ತು. ಮೊದಲೆಲ್ಲ ಅವಳು ಬಾಟಲಿಯನ್ನು ಬಾಗಿಸಿ, ಅಗಲ ಬಾಯಿಯ ಪೈಪೆಟ್ಟಿನಲ್ಲಿ ಲೋಳೆ ತೆಗೆಯುತ್ತಿದ್ದಳು. ಒಂದು ಸ್ಯಾಂಪಲಿಗೆ ಕಾಲು ಗಂಟೆ. ಈಗ ದಿನ ಉಳಿದಿಲ್ಲ ಎಂಬ ಅವಸರಕ್ಕೆ, ಅವನು ಬರುವ ಮೊದಲೇ ಬೆಳಿಗ್ಗೆ ಬಾಟಲಿಯ ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿ ಎಳೆದು, ಟೆಸ್ಟ್ ಟ್ಯೂಬಿಗೆ ಒತ್ತಿಬಿಡುತ್ತಿದ್ದಿರಬೇಕು. ಅವನ ಕೈಗೆ ಬರುತ್ತಿದ್ದದ್ದು ಮುಚ್ಚಿದ ಟೆಸ್ಟ್ ಟ್ಯೂಬು ಮಾತ್ರ.

ಯು ಟ್ಯೂಬಿನಲ್ಲಿ ಲೋಳೆ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯುತ್ತದೆ. ಸೂಜಿಯಲ್ಲಿ ಹೆಬ್ಬೆರಳು ತಳ್ಳುತ್ತದೆ.

ಮರುದಿನ ತೊಳೆಯಲು ಬಂದ ಅವಳ ಫ್ಲಾಸ್ಕಿನ ತಳದಲ್ಲಿ ಎರಡು ಬೆರಳು ಲೋಳೆ ಉಳಿದಿತ್ತು. ಅವನು ಅದನ್ನು ಚೆಲ್ಲಲಿಲ್ಲ. ಮೂಲೆಯಲ್ಲಿ ತೋಳು ಸೀಳು ಬಿಟ್ಟು ಕಸಕ್ಕೆ ಹೋಗಬೇಕಿದ್ದ, ಅದೇ ಅಳತೆಯ ಹಳೆಯ ಯು ಟ್ಯೂಬಿತ್ತು. ಸೀಳಿಗೆ ಮೇಣ ಮೆತ್ತಿದ. ಬಕೆಟ್ಟಿನಲ್ಲಿ ಬಿಸಿನೀರು ತಣ್ಣೀರು ಬೆರೆಸಿ, ಥರ್ಮಾಮೀಟರ್ ಇಟ್ಟು, ಮೂವತ್ತೇಳಕ್ಕೆ ತಂದ. ಸ್ಟಾಪ್‌ವಾಚ್ ಇರಲಿಲ್ಲ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡಿದ. ಬಾಗಿಸಿ ಸುರಿದ ಲೋಳೆ ಇಳಿಯಲು ಇನ್ನೂರ ಹದಿನಾಲ್ಕು ಸೆಕೆಂಡು. ಅದೇ ಲೋಳೆಯನ್ನು ಸೂಜಿಯಲ್ಲಿ ಒಮ್ಮೆ ಜೋರಾಗಿ ಒತ್ತಿ ಬಿಟ್ಟ, ನೂರ ತೊಂಬತ್ತಮೂರು. ಹತ್ತು ಸಲ ಒತ್ತಿ ಬಿಟ್ಟ, ನೂರ ಐವತ್ತೇಳು. ಮೂರು ದಿನ, ಮೂರು ಫ್ಲಾಸ್ಕು, ಹೆಚ್ಚು ಕಡಿಮೆ ಅದೇ ಲೆಕ್ಕ.

ಬ್ಯಾಕ್ಟೀರಿಯಾ ಉದ್ದ ದಾರವನ್ನೇ ನೂಲುತ್ತಿತ್ತು. ಟ್ಯೂಬು ಒಣಗಿಯೇ ಇತ್ತು. ದಾರ ತುಂಡಾಗುತ್ತಿದ್ದದ್ದು ಅವಳ ಅವಸರಕ್ಕೆ.

ಅವನು ಎರಡು ಟೆಸ್ಟ್ ಟ್ಯೂಬಿನಲ್ಲಿ ಲೋಳೆ ಹಾಕಿದ. ಒಂದರ ಮೇಲೆ 'ಸುರಿದದ್ದು, 214' ಎಂದೂ ಇನ್ನೊಂದರ ಮೇಲೆ 'ಸೂಜಿ, ಹತ್ತು ಸಲ, 157' ಎಂದೂ ಚೀಟಿ ಅಂಟಿಸಿ, ಮೂರನೇ ಮಹಡಿಗೆ ಹೋಗುವ ಶುದ್ಧ ಗಾಜಿನ ತಟ್ಟೆಯಲ್ಲಿ ನಿಲ್ಲಿಸಿದ. ಯಾರು ಕಳಿಸಿದ್ದೆಂದು ಬರೆಯಲಿಲ್ಲ.

*

ಅವಳು ಮೆಟ್ಟಿಲು ಓಡಿಕೊಂಡು ಇಳಿದಿರಬೇಕು, ಬಾಗಿಲಲ್ಲಿ ನಿಂತಾಗ ಏದುಸಿರು ಬಿಡುತ್ತಿದ್ದಳು. ಎರಡು ಕೈಯಲ್ಲೂ ಒಂದೊಂದು ಟೆಸ್ಟ್ ಟ್ಯೂಬು.

"ಏಳು ಅಂಕಿ ಬರೆದು ಅದರ ಹೊಟ್ಟೆಗೆ ಅಡ್ಡ ಗೆರೆ ಎಳೆಯೋರು ಈ ಬಿಲ್ಡಿಂಗಲ್ಲಿ ಒಬ್ರೇ."

ಅವನು ಬೀಕರು ಉಜ್ಜುತ್ತಲೇ ಇದ್ದ. ಅವಳು ಮೂಲೆಯ ಬಕೆಟ್ಟು, ಮೇಣ ಮೆತ್ತಿದ ಟ್ಯೂಬು, ಗೋಡೆ ಗಡಿಯಾರದ ಕೆಳಗೆ ಬರೆದಿಟ್ಟ ಮೂರು ದಿನದ ಅಂಕಿಗಳನ್ನು ನೋಡಿ, ಬಂದು ಸಿಂಕಿನ ಪಕ್ಕ ನಿಂತಳು. ತಪ್ಪಾಯ್ತು ಅಂದಳು. ಆ ದಿನ ಸರ್ ಮೂರು ಸಲ ಕೇಳಿದಾಗ ತಲೆ ಖಾಲಿಯಾಗಿತ್ತು, ಬಾಯಿಗೆ ಬಂದದ್ದು ಅದು, ಅಂದ ಕ್ಷಣವೇ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು, ಸಂಜೆ ಎಷ್ಟು ಸಲ ಈ ಕಿಟಕಿಯ ಹತ್ತಿರ ಬಂದು ನಿಂತೆ ಎಂದೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಮೂಗಿನ ತುದಿ ಕೆಂಪಾಯಿತು. ಅವನು ನೋಡಲಿಲ್ಲ. ತೊಳೆದ ಬೀಕರಿನ ಗಾಜಿನಲ್ಲಿ ಕಂಡಿತು, ಅಷ್ಟೇ.

ಅವನು ನಲ್ಲಿ ನಿಲ್ಲಿಸಿದ.

"ಅಂದಿದ್ದು ಮೇಲೆ. ತಪ್ಪಾಯ್ತು ಅಂತಿರೋದು ಇಲ್ಲಿ. ಅಲ್ಲಿ ಹನ್ನೊಂದು ಜನ ಇದ್ರು ಮೇಡಂ. ಇಲ್ಲಿ ಸಿಂಕು ಬಿಟ್ರೆ ಯಾರಿದ್ದಾರೆ?"

ಅವಳು ಕೈಯಲ್ಲಿದ್ದ ಟ್ಯೂಬುಗಳನ್ನು ನೋಡಿದಳು. ಅಲ್ಲಿ ಹೇಳಿದರೆ ಎರಡು ತಿಂಗಳ ಡೇಟಾ ಸಿಂಕಿಗೆ. ಒಂದು ಅಧ್ಯಾಯ ಮತ್ತೆ ಮೊದಲಿನಿಂದ. ಸರ್ ಆಗಲೇ ಆ ಇಳಿಜಾರಿಗೆ ಒಂದು ಸಾಲು ಬರೆಸಿಬಿಟ್ಟಿದ್ದರು, ಸಹಾಯಕ ಸಿಬ್ಬಂದಿಯ ತಪ್ಪಿನಿಂದ ಟ್ಯೂಬು ಒದ್ದೆ ಉಳಿದು ಹೀಗಾಯಿತು ಎಂದು. ಅದನ್ನು ಅಳಿಸಿದರೆ ತನ್ನ ಲ್ಯಾಬಿನ ಮರ್ಯಾದೆ ಏನಾಗಬೇಕು ಎಂದು ಕೂರುವ ಮನುಷ್ಯ ಅವರು. ನನಗೆ ಸ್ವಲ್ಪ ಟೈಮ್ ಕೊಡಿ, ಅಂದಳು ಅವಳು.

ಅವನು ಮತ್ತೆ ನಲ್ಲಿ ತಿರುಗಿಸಿದ. ಅವಳು ಹೋದ ಮೇಲೆ ನೋಡಿದರೆ ಬೀಕರು ಯಾವಾಗಲೋ ಶುದ್ಧವಾಗಿತ್ತು, ಅವನು ಸುಮ್ಮನೆ ಉಜ್ಜುತ್ತಿದ್ದ.

ಅವಳಿಲ್ಲದೆ ಮೂರು ತಿಂಗಳು ಕಳೆಯಿತು. ಅವಳು ಮತ್ತೆ ಬಾಗಿಸಿ ಸುರಿಯತೊಡಗಿದ್ದಾಳೆ, ಗೆರೆ ಮತ್ತೆ ನೆಟ್ಟಗಾಗಿದೆ ಎಂದು ಸುದ್ದಿ ಬಂತು. ಆ ಸಾಲು ಥೀಸಿಸಿನಲ್ಲಿ ಅಚ್ಚಾಗಿದೆ ಎಂಬುದೂ ಬಂತು. ಅವತ್ತು ಅವನ ಕೈಯಲ್ಲಿ ಎರಡು ಫ್ಲಾಸ್ಕು ಒಡೆದವು. ಆರು ವರ್ಷದ ಕೆಲಸದಲ್ಲಿ ಅವೇ ಮೊದಲು.

ಆದರೂ ಸಂಜೆ ಐದೂವರೆಗೆ ಕಣ್ಣು ಕಿಟಕಿಗೆ ಹೋಗುತ್ತಿತ್ತು. ತಾಮ್ರದ ತಂತಿ ಹಸಿರು ಕಟ್ಟಿತ್ತು. ಅವಳು ಇನ್ನೂ ಅದೇ ಚಪ್ಪಲಿ ಹಾಕುತ್ತಿದ್ದಳು.

*

ಥೀಸಿಸಿನ ಕೊನೆಯ ಪರೀಕ್ಷೆ ಎಲ್ಲರಿಗೂ ತೆರೆದದ್ದು. ಮೊದಲ ಮಹಡಿಯ ಸಭಾಂಗಣ ತುಂಬಿತ್ತು. ಹೊರಗಿನಿಂದ ಬಂದ ಪರೀಕ್ಷಕಿ ಬೆಳ್ಳಿ ಕೂದಲಿನ, ಮಂಡಿ ನೋಡುವ ಡಾಕ್ಟರು. ಅಳೆದ ಸಲಕರಣೆಯನ್ನು ಕಣ್ಣಾರೆ ನೋಡಬೇಕು ಎಂದು ಹೇಳಿಕಳಿಸಿದ್ದರು. ಆ ಯು ಟ್ಯೂಬನ್ನು ಒಡೆಯದೆ ಎರಡು ಮಹಡಿ ಇಳಿಸಬಲ್ಲ ಕೈ ಒಂದೇ ಇತ್ತು. ಹಾಗಾಗಿ ಅವನನ್ನು ಕರೆದರು. ಅವನು ಟವೆಲಿನಲ್ಲಿ ಸುತ್ತಿ ತಂದು, ಮೇಜಿನ ಮೇಲೆ ಸ್ಟ್ಯಾಂಡಿಗೆ ನಿಲ್ಲಿಸಿ, ವಾಪಸ್ ಒಯ್ಯಬೇಕಲ್ಲ ಎಂದು ಹಿಂದಿನ ಗೋಡೆಗೆ ಒರಗಿ ನಿಂತ. ಅವಳ ಕಡೆ ನೋಡಲಿಲ್ಲ. ಅವಳು ನೋಡಿದಳು. ಅದು ಅವನ ಕಿವಿಗೆ ಬಿಸಿಲಿನಂತೆ ತಾಗಿತು.

ಅವಳು ಚೆನ್ನಾಗಿ ಮಾತಾಡಿದಳು. ಸಕ್ಕರೆ, ಗಾಳಿ, ದಾರ, ಮಂಡಿ. ಡಾಕ್ಟರು ತಲೆದೂಗುತ್ತ ಕೇಳಿ, ಆಮೇಲೆ ಕನ್ನಡಕ ಹಾಕಿಕೊಂಡು ತೊಂಬತ್ತಾರನೇ ಪುಟ ತೆಗೆದರು.

"ಇಲ್ಲಿ ಟ್ಯೂಬು ಒದ್ದೆ ಇತ್ತು ಅಂತೀರಿ. ಕೆಲಸದವರು ಒರಸೋದು ಮರೆತ್ರೆ ಒಂದಿನ ಹೆಚ್ಚು, ಒಂದಿನ ಕಮ್ಮಿ ಬರಬೇಕು. ಎರಡು ತಿಂಗಳು ದಿನಾ ಒಂದೇ ಅಳತೇಲಿ ಒದ್ದೆ ಉಳಿಯುತ್ತಾ?"

ಸರ್ ಮುಂದಿನ ಸಾಲಿನಿಂದ ನಕ್ಕು, ಅದೊಂದು ಸಣ್ಣ ವಿಷಯ, ಮುಂದಿನ ಅಧ್ಯಾಯಕ್ಕೆ ಹೋಗಬಹುದು ಎಂದರು. ಅವಳು ಮುಂದೆ ಹೋಗಲಿಲ್ಲ. ಹಿಂದಿನ ಗೋಡೆಯ ಹತ್ತಿರ ಅವನು, ಅಭ್ಯಾಸಬಲದಿಂದ, ಮನಸ್ಸಿನಲ್ಲೇ ಸೆಕೆಂಡು ಎಣಿಸತೊಡಗಿದ್ದ. ಹನ್ನೆರಡು. ಹದಿಮೂರು.

"ಆ ಸಾಲು ಸುಳ್ಳು," ಅಂದಳು ಅವಳು.

ಸರ್ ಅರ್ಧ ಎದ್ದರು. ಅವಳು ಕೈಚೀಲದಿಂದ ಎರಡು ಟೆಸ್ಟ್ ಟ್ಯೂಬು ತೆಗೆದು ಡಾಕ್ಟರ ಮೇಜಿನ ಮೇಲೆ ಇಟ್ಟಳು. ಒಳಗಿನ ಲೋಳೆ ಒಣಗಿ ತೊಗಟೆ ಕಟ್ಟಿತ್ತು, ಚೀಟಿ ಹಾಗೇ ಇತ್ತು. ಟ್ಯೂಬು ಒದ್ದೆ ಇರಲಿಲ್ಲ, ಯಾವತ್ತೂ ಇರಲಿಲ್ಲ ಎಂದಳು. ದಿನ ಉಳಿಸಲು ತಾನು ಸಣ್ಣ ಸೂಜಿಯಲ್ಲಿ ಲೋಳೆ ಎಳೆದದ್ದು, ದಾರ ತುಂಡಾದದ್ದು ಅಲ್ಲಿ, ಅದನ್ನು ಕಂಡುಹಿಡಿದದ್ದು ತಾನಲ್ಲ ಎಂದಳು. ನೆಲಮಾಳಿಗೆಯಲ್ಲಿ ಬಕೆಟ್ಟು, ಗೋಡೆ ಗಡಿಯಾರ, ಮೇಣ ಮೆತ್ತಿದ ಟ್ಯೂಬು ಇಟ್ಟುಕೊಂಡು ಮೂರು ದಿನದಲ್ಲಿ ಕಂಡುಹಿಡಿದವರು ಅಲ್ಲಿ ನಿಂತಿದ್ದಾರೆ ಎಂದು ಕೈ ತೋರಿಸಿದಳು. ಇಡೀ ಸಭೆ ತಿರುಗಿ ನೋಡಿತು. ಅವನಿಗೆ ಗೋಡೆಯೊಳಗೆ ಹೋಗಿಬಿಡೋಣ ಅನ್ನಿಸಿತು.

"ನನ್ನೊಬ್ಬಳನ್ನೇ ನಂಬಿ ಅವರು ಹೇಳಿದ್ದ ಮಾತನ್ನ ಹನ್ನೊಂದು ಜನರ ಮುಂದೆ ಅವರ ಮೇಲೇ ಎಸೆದೆ. ಆ ಹನ್ನೊಂದು ಜನಾನೂ ಇವತ್ತು ಇಲ್ಲಿದ್ದಾರೆ. ಅದಕ್ಕೆ ಇಲ್ಲೇ ಹೇಳ್ತಿದ್ದೀನಿ. ತಪ್ಪು ನನ್ನದು."

ಅವಳು ಅವತ್ತು ಪಾಸಾಗಲಿಲ್ಲ. ಆ ಅಧ್ಯಾಯ ಪೂರ್ತಿ ಮತ್ತೆ ಮಾಡಿ ತರಬೇಕು, ಇನ್ನೂ ಮೂರು ತಿಂಗಳು ಎಂದರು ಡಾಕ್ಟರು. ಆಮೇಲೆ ಆ ಚೀಟಿಯನ್ನು ಬೆಳಕಿಗೆ ಹಿಡಿದು, ಈ ಥೀಸಿಸಿನಲ್ಲಿ ನನ್ನ ರೋಗಿಗಳಿಗೆ ನಾಳೆಯೇ ಉಪಯೋಗಕ್ಕೆ ಬರೋ ಮಾತು ಇದೊಂದು, ಲೋಳೆಯನ್ನ ಮಂಡಿಗೆ ಚುಚ್ಚೋದೂ ಸೂಜಿಯಲ್ಲೇ ಅಲ್ವಾ, ಎಂದರು. ಮಾಡಿದವರ ಹೆಸರು ಹಾಕಿ, ಎಂದೂ ಸೇರಿಸಿದರು. ಸರ್ ಫೈಲು ಎತ್ತಿಕೊಂಡು ಪಕ್ಕದ ಬಾಗಿಲಿನಿಂದ ಹೊರಟುಹೋದರು.

ಅವನು ಟ್ಯೂಬನ್ನು ಟವೆಲಿನಲ್ಲಿ ಸುತ್ತಿ, ಮಗುವನ್ನು ಎತ್ತಿದಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಬಂದ. ಕಾರಿಡಾರಿನ ತುಂಬ ಜನ, ಕೈಕೈಯಲ್ಲೂ ಟೀ ಕಪ್ಪು. ಮಾತೆಲ್ಲ ಅವನನ್ನು ಕಂಡು ತಗ್ಗಿತು.

"ಸ್ವಲ್ಪ ನಿಲ್ತೀರಾ?"

ನಿಂತ. ತಿರುಗಲಿಲ್ಲ. ತಾಮ್ರದ ತಂತಿಯ ಚಪ್ಪಲಿ ಟಕಟಕ ಬಂದು ಅವನ ಎದುರಿಗೇ ನಿಂತಿತು. ಮೂರು ತಿಂಗಳ ಮೇಲೆ ಅವನು ಅವಳ ಪಾದದಿಂದ ಕಣ್ಣನ್ನು ಮೇಲೆತ್ತಿದ. ಅವಳ ಕೊರಳಲ್ಲಿ ಸ್ಟಾಪ್‌ವಾಚ್ ಇತ್ತು. ಇಷ್ಟು ದಿನ ಅದು ಅವಳ ದುಪ್ಪಟ್ಟದ ಕೆಳಗೇ ಇತ್ತೋ ಏನೋ.

ಅವಳು ದನಿ ತಗ್ಗಿಸಲಿಲ್ಲ. ಎಲ್ಲರಿಗೂ ಕೇಳಲಿ ಎಂದೇ ಅಂದಳು.

"ಮೂರು ತಿಂಗಳ ಕೆಲಸ ಇದೆ. ಕೆಲಸಕ್ಕೆ ಅಂತ ಕರೀತಿಲ್ಲ, ಕೆಲಸಕ್ಕೆ ಯಾರಾದ್ರೂ ಸಿಗ್ತಾರೆ. ಜಾರಲ್ಲಿ ನನ್ನ ಮುಖ ಒಂದೇ ಕಾಣುತ್ತೆ ಈಗ, ಅದನ್ನ ನೋಡಿ ನೋಡಿ ಸಾಕಾಗಿದೆ. ನನಗೆ ನೀವು ಬೇಕು. ಮೇಲೆ ಬರ್ತೀರಾ?"

ಹೇಳಲು ಅವನಿಗೆ ಎಷ್ಟೋ ಇತ್ತು. ಎಂಟನೇ ಕ್ಲಾಸಿನಿಂದ ಕೂಡಿಟ್ಟದ್ದೆಲ್ಲ ಒಟ್ಟಿಗೆ ಗಂಟಲಿಗೆ ಬಂದು ನಿಂತಿತ್ತು. ಬಾಯಿ ತೆರೆದರೆ ಮಾತು ಬರುವುದಿಲ್ಲ, ಬೇರೇನೋ ಬರುತ್ತದೆ, ಅದೂ ಇಷ್ಟು ಜನರ ಮುಂದೆ. ಕಣ್ಣು ಒರಸಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಗಾಜು.

ಅವಳ ಪಕ್ಕದಿಂದ ದಾಟಿ, ಟೀ ಕಪ್ಪುಗಳ ನಡುವೆ ದಾರಿ ಮಾಡಿಕೊಂಡು ನಡೆದ. ಹಿಂದೆ ಯಾರೋ, ಅವನ ಬುದ್ಧಿಯೇ ಅಷ್ಟು, ಅಂದದ್ದು ಕೇಳಿಸಿತು.

ಕಾರಿಡಾರಿನ ತುದಿಯಲ್ಲಿ ಮೆಟ್ಟಿಲು. ಎಡಕ್ಕೆ ಇಳಿದರೆ ನೆಲಮಾಳಿಗೆ, ಮೂರು ಸಿಂಕು, ಪಾದಗಳ ಕಿಟಕಿ. ಅವನು ಅಲ್ಲಿ ಒಂದು ಕ್ಷಣ ನಿಂತು ಟವೆಲನ್ನು ಎದೆಗೆ ಸರಿಯಾಗಿ ಒತ್ತಿಕೊಂಡ. ಗಂಟೆ ಎರಡಾಗಿತ್ತು, ಮೂಲೆಯ ಕೋಣೆಗೆ ಬಿಸಿಲು ಬರುವ ಹೊತ್ತು. ಜಾರಿನ ನೀರು ತಣ್ಣಗಿರುತ್ತದೆ. ಈಗ ಹೀಟರು ಹಾಕಿದರೆ ಮೂವತ್ತೇಳಕ್ಕೆ ಬರಲು ನಲವತ್ತು ನಿಮಿಷ, ಅಷ್ಟೂ ಮಾತಿಗೆ.

ಅವನು ಬಲಕ್ಕೆ ತಿರುಗಿ, ಹಿಂದೆ ನೋಡದೆ, ಒಂದೊಂದೇ ಮೆಟ್ಟಿಲು ಮೇಲೆ ಹತ್ತಿ ಹೋದ.